ಕಂಬದ ಥಿಯೇಟರಿಗೆ ಯಾರು?

ಮಾರ್ಚ್ 3, ಸೋಮವಾರ

ಈ ರಸ್ತೆಯ ಮೂರು ಥಿಯೇಟರುಗಳನ್ನೂ ನಡೆಸುತ್ತಿರುವವನು ನಾನೇ. ಮಾಲೀಕರು ಅಂತ ಮೂವರಿದ್ದಾರೆ, ಅದು ಕಾಗದಕ್ಕೆ. ಯಾವ ನಾಟಕ ಎಲ್ಲಿಗೆ ಹೋಗಬೇಕು, ಯಾವುದು ಗಂಟುಮೂಟೆ ಕಟ್ಟಬೇಕು — ಎಲ್ಲ ನನ್ನನ್ನು ಕೇಳಿಯೇ ಆಗುವುದು.

ಇವತ್ತು ದೊಡ್ಡ ಥಿಯೇಟರಿನಲ್ಲಿ ಹನ್ನೊಂದು ಕುರ್ಚಿಗೆ ಸ್ಪ್ರಿಂಗ್ ಹಾಕಿದೆ. ಎರಡಕ್ಕೆ ಹೊಸ ರೆಕ್ಸಿನ್. ‘ಸಿ’ ಸಾಲಿನ ಹದಿನಾಲ್ಕನೇ ಕುರ್ಚಿಯ ಅಡಿಗೆ ಮತ್ತೆ ಬಬಲ್‌ಗಮ್. ಅಂಟಿಸಿದವನ ಬಾಯಿ ಅಂಟಿಹೋಗಲಿ.

ಮೂರು ಗಂಟೆಗೆ ಮ್ಯಾನೇಜರ್ ಬಂದ. ಅತ್ತಿತ್ತ ನೋಡಿದ. ‘ಗುರುವಾರ ಎಣಿಕೆ ಇಟ್ಕೊಳ್ಳಿ’ ಅಂತ ಪಿಸುಗುಟ್ಟಿದ.

ಎಣಿಕೆ ಅಂದರೆ ಈ ರಸ್ತೆಯಲ್ಲಿ ಒಂದೇ ಅರ್ಥ. ನಾಟಕ ಜಾಗ ಬಿಡುವ ಮೊದಲು ನಾನು ಹೋಗಿ ಮುರಿದ ಕುರ್ಚಿಗಳನ್ನು ಎಣಿಸಬೇಕು, ಅಡಿಯಲ್ಲಿ ಸೀಮೆಸುಣ್ಣದ ಗುರುತು ಹಾಕಬೇಕು. ಹೋಗುವ ಕಂಪನಿ ರಿಪೇರಿ ಖರ್ಚು ಇಟ್ಟು ಹೋಗಬೇಕು. ಪೋಸ್ಟರ್ ಕೀಳುವ ಮೊದಲು, ಪೇಪರಿನವರಿಗೆ ಗೊತ್ತಾಗುವ ಮೊದಲು, ಎಷ್ಟೋ ಸಲ ಪಾಪ ಪಾತ್ರಧಾರಿಗಳಿಗೇ ಗೊತ್ತಾಗುವ ಮೊದಲು, ಕುರ್ಚಿ ರಿಪೇರಿಯವನಿಗೆ ಗೊತ್ತು.

ಅಂದರೆ ಹಡಗಿನ ನಾಟಕ ಲಂಗರು ಎತ್ತಿತು. ದೊಡ್ಡ ಥಿಯೇಟರ್ ಖಾಲಿ.

ಯಾರಿಗೂ ಹೇಳಬಾರದು ಅಂತ ಮ್ಯಾನೇಜರ್ ಆಣೆ ಹಾಕಿಸಿಕೊಂಡ. ಹೇಳಲಿಲ್ಲ. ಟೀ ಅಂಗಡಿ ತನಕ.

ಮಾರ್ಚ್ 4, ಮಂಗಳವಾರ

ಟೀ ಅಂಗಡಿ ಇವತ್ತು ಸಂತೆ. ದೊಡ್ಡದಕ್ಕೆ ಯಾರು ಬರುತ್ತಾರೆ — ಇದೇ ಮಾತು.

‘ಪತ್ತೇದಾರಿ ಬರುತ್ತೆ’ ಅಂದ ಲೈಟಿನವನು.

‘ಅದ್ಯಾಕೆ ಬರುತ್ತೆ? ಎರಡು ವರ್ಷ ಕಂಬದ ಥಿಯೇಟರಲ್ಲಿ ಹೌಸ್‌ಫುಲ್. ಅನ್ನ ಹಾಕಿದ ಮನೆ ಬಿಟ್ಟು ಬರ್ತಾರಾ?’ ಗೇಟ್‌ಕೀಪರ್.

ನಾನು ಟೀ ಮುಗಿಸಿದೆ. ಲೋಟ ಕೆಳಗಿಟ್ಟೆ. ಮೀಸೆ ಒರೆಸಿದೆ. ಆಮೇಲೆ ತೀರ್ಪು ಕೊಟ್ಟೆ.

ಪತ್ತೇದಾರಿ ನಾಟಕ ದೊಡ್ಡ ಥಿಯೇಟರಿಗೇ ಬರುತ್ತದೆ. ಯಾಕೆಂದರೆ ಕಂಬದ ಥಿಯೇಟರಿನಲ್ಲಿ ಎರಡು ಕಂಬ, ಅದರ ಹಿಂದೆ ಇಪ್ಪತ್ತಾರು ಕುರ್ಚಿ, ಎಲ್ಲ ಅರ್ಧ ರೇಟು. ಅಲ್ಲಿ ಕೂತವರಿಗೆ ಎರಡು ವರ್ಷದಿಂದ ಕೊಲೆ ಮಾಡಿದವನು ಯಾರು ಅಂತಲೇ ಕಂಡಿಲ್ಲ. ಜನ ಬಂದು ದುಡ್ಡು ವಾಪಸ್ ಕೇಳುತ್ತಾರೆ. ಕಂಪನಿಯವರಿಗೂ ಬೇಸತ್ತಿದೆ.

‘ಸರಿ, ಪತ್ತೇದಾರಿ ಹೋದ್ರೆ ಕಂಬಕ್ಕೆ ಯಾರು?’

ಇದು ಭಾಮೈದ. ಇವಳ ತಮ್ಮ. ದೊಡ್ಡ ಥಿಯೇಟರಿನ ಬುಕಿಂಗ್ ಕಿಟಕಿಯಲ್ಲಿ ಕೂರುವವನು. ಇಪ್ಪತ್ತು ವರ್ಷ ಕಿಟಕಿಯೊಳಗೆ ಕೂತು ಕೂತು ಮುಖವೂ ಕಿಟಕಿಯಷ್ಟೇ ಚೌಕವಾಗಿದೆ.

‘ನಾಳೆ ಹೇಳ್ತೀನಿ’ ಅಂದೆ. ದೊಡ್ಡ ಮನುಷ್ಯರು ಎಲ್ಲವನ್ನೂ ಒಂದೇ ದಿನ ಹೇಳಿಬಿಡಬಾರದು.

ಮಾರ್ಚ್ 6, ಗುರುವಾರ

ಎಣಿಕೆ ಮುಗಿಯಿತು. ಮೂವತ್ತೆಂಟು. ಹಡಗಿನ ನಾಟಕದವರು ಅಷ್ಟೆಲ್ಲ ಮುರಿದಿಲ್ಲ ಅಂತ ಜಗಳಕ್ಕೆ ಬಂದರು. ‘ಬಿರುಗಾಳಿ ಸೀನಿನಲ್ಲಿ ಜನ ಕುರ್ಚಿ ಹಿಡ್ಕೊಂಡು ಅಲ್ಲಾಡಿಸ್ತಾರೆ ಸ್ವಾಮಿ, ಅದು ನಿಮ್ಮ ನಾಟಕದ ಹೆಚ್ಚುಗಾರಿಕೆ’ ಅಂದೆ. ಹೊಗಳಿದ್ದೋ ಬೈದದ್ದೋ ತಿಳಿಯದೆ ಕೊಟ್ಟುಬಿಟ್ಟರು.

ನಾನು ಕುರ್ಚಿಯಡಿ ಮಲಗಿದ್ದಾಗ ಪತ್ತೇದಾರಿ ಪಾತ್ರದವನು ಬಂದ. ಕಪ್ಪು ಕನ್ನಡಕ, ಕಾಲರ್ ಎತ್ತಿಕೊಂಡಿದ್ದ. ಸ್ಟೇಜಿನ ಆ ತುದಿಯಿಂದ ಈ ತುದಿಗೆ ಹೆಜ್ಜೆ ಎಣಿಸಿದ. ಮೂವತ್ತೆರಡು. ಯಾರಿಗೂ ಕಾಣದ ಹಾಗೆ ಬಂದಿದ್ದೇನೆ ಅಂದುಕೊಂಡ, ಪತ್ತೇದಾರ! ಅಡಿಯಲ್ಲಿ ನಾನು ಬಾಯಿ ಮುಚ್ಚಿಕೊಂಡು ನಕ್ಕೆ.

(ಬಾಯಿ ಮುಚ್ಚಿ ನಗುವುದು ಅಭ್ಯಾಸವಾಗಿದೆ. ಮುಂದಿನ ಮೂರು ಹಲ್ಲು ಹೋಗಿ ಒಂದೂವರೆ ವರ್ಷ. ಹಲ್ಲಿನ ಡಾಕ್ಟರು ರೇಟು ಹೇಳಿದ್ದಾರೆ. ಮೊಳೆ ಡಬ್ಬಿಯಲ್ಲಿ ಕೂಡಿಡುತ್ತಿದ್ದೇನೆ. ಮೊಳೆಯ ಮೇಲೆ ನೋಟು, ನೋಟಿನ ಮೇಲೆ ಮೊಳೆ. ಇನ್ನೊಂದು ತಿಂಗಳು.)

ನಾನು ಹೇಳಿದ್ದೇ ಆಯಿತು. ಪತ್ತೇದಾರಿ ದೊಡ್ಡದಕ್ಕೆ.

ಮಾರ್ಚ್ 8, ಶನಿವಾರ

ಪಂದ್ಯ ಕಟ್ಟಿದೆ.

ಕಂಬದ ಥಿಯೇಟರಿಗೆ ನಗೆಗಾರ ಬರುತ್ತಾನೆ ಅಂದೆ. ಒಬ್ಬನೇ ಮನುಷ್ಯ, ಒಂದು ಮೈಕು, ಒಂದು ಸ್ಟೂಲು. ಬೆಳಿಗ್ಗೆ ಬಂದರೆ ಸಂಜೆಗೆ ಆಟ. ಅಲ್ಲಿನ ಮ್ಯಾನೇಜರಿಗೂ ತಲೆನೋವಿಲ್ಲ.

ಭಾಮೈದ ಬೆರಳಲ್ಲಿ ಟೇಬಲ್ ಕುಟ್ಟಿದ. ‘ಇಲ್ಲ ಭಾವ. ಮೆಟ್ಟಿಲ ನಾಟಕ ಬರುತ್ತೆ.’

ಇಡೀ ಅಂಗಡಿ ನಕ್ಕಿತು. ಮೆಟ್ಟಿಲ ನಾಟಕ ಇರುವುದು ಮಾಳಿಗೆ ಥಿಯೇಟರಿನಲ್ಲಿ. ಮೂರರಲ್ಲಿ ಚಿಕ್ಕದು, ಗೋದಾಮಿನ ಮೇಲೆ, ತೊಂಬತ್ತು ಕುರ್ಚಿ. ನಾಟಕ ಚೆನ್ನಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಒಂದು ಮನೆಯ ಕಥೆ, ಪೂರ್ತಿ ಒಂದು ಮೆಟ್ಟಿಲ ಮೇಲೇ ನಡೆಯುತ್ತದೆ. ಆದರೆ ಆ ಮೆಟ್ಟಿಲು! ಹಲಗೆ ಹಲಗೆಯಾಗಿ ಮೇಲಕ್ಕೆ ಹೊತ್ತು, ಅಲ್ಲೇ ಒಳಗೆ ಜೋಡಿಸಿ, ಮೊಳೆ ಹೊಡೆದು, ಗೋಂದು ಹಾಕಿ ಗಟ್ಟಿ ಮಾಡಿಬಿಟ್ಟಿದ್ದಾರೆ. ಹತ್ತೊಂಬತ್ತು ಮೆಟ್ಟಿಲು, ಒಂದೇ ಬಾಡಿ. ಹೊರಗೆ ಬರುವ ಬಾಗಿಲು ಮೂರೂವರೆ ಅಡಿ. ಒಳಗೇ ಹುಟ್ಟಿ ಒಳಗೇ ಬೆಳೆದ ಮಗು, ಹೊಸಿಲು ದಾಟಲಾರದು. ಮಾಡುವಾಗ ಒಬ್ಬರಿಗೂ ಹೊಳೆದಿಲ್ಲ. ಮಾಡಿದ ಬಡಗಿ ಹಡಗಿನ ನಾಟಕದ ಜೊತೆ ಊರು ಬಿಟ್ಟ.

‘ಕಂಬದ ಹಿಂದಿನ ಇಪ್ಪತ್ತಾರು ಸೀಟು ನೆನೆಸ್ಕೋ ಭಾವ’ ಅಂದ ಭಾಮೈದ. ‘ಮೆಟ್ಟಿಲು ಓರೆಯಾಗಿ ಸ್ಟೇಜ್ ತುಂಬ ಹೋಗುತ್ತೆ. ಕಂಬದ ಈ ಕಡೆ ಮರೆಯಾದವನು ಆ ಕಡೆ ಮೇಲಿನ ಮೆಟ್ಟಿಲಲ್ಲಿ ಕಾಣ್ತಾನೆ. ಇಪ್ಪತ್ತಾರೂ ಫುಲ್ ರೇಟಿಗೆ ಹೋಗುತ್ತೆ. ಮ್ಯಾನೇಜರಿಗೆ ಇದು ಗೊತ್ತು.’

ಕಿಟಕಿಯವನ ಬುದ್ಧಿ. ಟಿಕೆಟ್ ಬಿಟ್ಟರೆ ಬೇರೆ ಕಾಣುವುದಿಲ್ಲ.

‘ಆ ಮೆಟ್ಟಿಲು ಬಾಗಿಲು ದಾಟಿದ್ರೆ ನಾನು ಮೀಸೆ ಬೋಳಿಸ್ತೀನಿ ಕಣೋ!’

‘ಮೀಸೆ ಯಾರಿಗೆ ಬೇಕು? ದುಡ್ಡು ಕಟ್ಟು.’

ಕಟ್ಟಿದೆ. ಟೀ ಅಂಗಡಿಯ ಅಕ್ಕ ಇಬ್ಬರ ದುಡ್ಡನ್ನೂ ಬಿಸ್ಕೆಟ್ ಡಬ್ಬಿಯಲ್ಲಿ ಹಾಕಿ ಟೇಪು ಸುತ್ತಿದಳು. ನನ್ನ ಪಾಲು ಇನ್ನೂರು ಅಂತ ಬರೆದುಕೊಳ್ಳುತ್ತೇನೆ. ಪುಸ್ತಕಕ್ಕೂ ಕಣ್ಣಿರುತ್ತದೆ.

ಮಾರ್ಚ್ 9, ಭಾನುವಾರ

ನನ್ನ ಸ್ವಂತ ಅಕ್ಕನ ಮಗಳು ಊಟಕ್ಕೆ ಬಂದಿದ್ದಳು. ನಾನವಳನ್ನು ಗುಂಡುಪಿನ್ನು ಅಂತ ಕರೆಯುವುದು. ಗಿಡ್ಡಗೆ, ಗುಂಡಗೆ, ಚುಚ್ಚಿದರೆ ಬಿಡುವವಳಲ್ಲ. ಮೆಟ್ಟಿಲ ನಾಟಕದಲ್ಲಿ ಪರದೆ ಎಳೆಯುವುದರಿಂದ ಹಿಡಿದು ಪಾತ್ರಧಾರಿಗಳ ಕೆಮ್ಮಿಗೆ ಬಿಸಿನೀರು ಕೊಡುವ ತನಕ ಎಲ್ಲ ಅವಳೇ.

ಊಟ ಸೇರಲಿಲ್ಲ ಅವಳಿಗೆ. ಇವಳು ಎರಡು ಸಲ ಬಡಿಸಲು ಹೋದಳು. ಬೇಡ ಅಂದಳು.

‘ತಿಂಗಳ ಕೊನೆಗೆ ಮಾಳಿಗೆ ಖಾಲಿ ಮಾಡಬೇಕು ಮಾವ. ಮಾಲೀಕರು ಪೂರ್ತಿ ಗೋದಾಮು ಮಾಡ್ತಾರಂತೆ.’

ಮಾಳಿಗೆಯಲ್ಲಿ ಎಣಿಕೆಗೆ ನನ್ನನ್ನು ಕರೆದಿಲ್ಲ. ಕರೆಯುವುದೂ ಇಲ್ಲ, ಕುರ್ಚಿಗಳೇ ಇರುವುದಿಲ್ಲ ಅಂದಮೇಲೆ ಎಣಿಸುವುದೇನನ್ನು.

‘ಕಂಬದ ಮ್ಯಾನೇಜರ್ ಹತ್ರ ಹೋಗಿದ್ದೆ. ಇಪ್ಪತ್ತೊಂದಕ್ಕೆ ಮೆಟ್ಟಿಲು ತಂದು ನಿಲ್ಸಿದ್ರೆ ಜಾಗ ನಿಮ್ಮದು ಅಂದ್ರು. ಇಲ್ಲಾಂದ್ರೆ ನಗೆಗಾರನಿಗೆ. ಹನ್ನೊಂದು ಜನ ಇದ್ದೀವಿ ಮಾವ. ಈ ನಾಟಕ ನಿಂತ್ರೆ ಎಲ್ಲರೂ ದಿಕ್ಕಾಪಾಲು.’

‘ಹೊಸ ಮೆಟ್ಟಿಲು ಮಾಡಿಸಿ’ ಅಂದೆ.

‘ದುಡ್ಡೆಲ್ಲಿದೆ? ಇದನ್ನೇ ಹೇಗಾದರೂ ಹೊರಗೆ ತರಬೇಕು. ನೀವು ಹನ್ನೆರಡು ಕುರ್ಚಿಯ ಸಾಲನ್ನ ಕಿಟಕಿಯಿಂದ ಇಳಿಸಿದ್ದೀರಿ ಅಂತ ಹೇಳ್ತಿದ್ರಲ್ಲ. ಹೇಗೆ ಮಾವ?’

ಇವಳು ನನ್ನ ಮುಖ ನೋಡಿದಳು. ನಾನು ಚಾವಣಿ ನೋಡಿದೆ.

‘ಅದೆಲ್ಲ ದೊಡ್ಡ ಕಥೆ. ಆಮೇಲೆ ಹೇಳ್ತೀನಿ’ ಅಂದೆ.

ಹನ್ನೆರಡಲ್ಲ, ನಾಲ್ಕು ಕುರ್ಚಿಯ ಸಾಲು. ಕಿಟಕಿಯಲ್ಲ, ಪಕ್ಕದ ಬಾಗಿಲು. ಆದರೆ ಇಳಿಸಿದ್ದು ನಿಜ. ಹೇಗೆ ಅಂತ ಗೊತ್ತಿರುವುದೂ ನಿಜ. ಅದೇ ಈಗ ಕಷ್ಟ.

ಮಾರ್ಚ್ 12, ಬುಧವಾರ

ಗುಂಡುಪಿನ್ನು ಕೆಲಸದ ಜಾಗಕ್ಕೇ ಬಂದಳು. ನಾನು ‘ಎಫ್’ ಸಾಲಿನ ಅಡಿ ಮಲಗಿದ್ದೆ. ಕಾಲು ಮಾತ್ರ ಹೊರಗೆ. ಕಾಲಿಗೇ ಮಾತಾಡಿದಳು.

‘ಒಬ್ಬ ಗರಗಸದವನು ಸಿಕ್ಕಿದ್ದಾನೆ ಮಾವ. ನೆಟ್ಟಗೆ ಮೂರು ತುಂಡು ಮಾಡಿ, ಅಲ್ಲಿ ಹೋಗಿ ಕಬ್ಬಿಣದ ಪಟ್ಟಿ ಹಾಕಿ ಮೊಳೆ ಹೊಡೀತಾನಂತೆ. ಆಗುತ್ತಾ?’

ಆಗುತ್ತದೆ. ನಿಲ್ಲುತ್ತದೆ. ಆದರೆ ಕಿರುಗುಟ್ಟುತ್ತದೆ. ನೆಟ್ಟಗೆ ಕುಯ್ದ ಮರಕ್ಕೆ ಮೊಳೆ ಹೊಡೆದರೆ ಕಾಲಿಟ್ಟಾಗಲೆಲ್ಲ ಅಳುತ್ತದೆ. ಆ ನಾಟಕದ ಜೀವವೇ ಕೊನೆಯ ಸೀನು — ಅಜ್ಜಿಯ ಪಾತ್ರದವಳು ತುದಿಯಿಂದ ಇಳಿದು, ಕೆಳಗಿನಿಂದ ಏಳನೇ ಮೆಟ್ಟಿಲಿಗೆ ಬಂದು, ಅಲ್ಲಿ ನಿಂತು, ಕೆಳಗೆ ಮಕ್ಕಳು ಆಡುವ ಮಾತು ಕೇಳಿಸಿಕೊಂಡು, ಹಾಗೇ ವಾಪಸ್ ಹತ್ತಿ ಹೋಗುತ್ತಾಳೆ. ಮೂರು ನಿಮಿಷ. ಮೆಟ್ಟಿಲಿಂದ ಒಂದು ಸದ್ದಿಲ್ಲ. ತೊಂಬತ್ತು ಜನ ಉಸಿರು ಹಿಡಿದು ಕೂತಿರುತ್ತಾರೆ. ಅಲ್ಲಿ ಒಂದು ‘ಕಿರ್ರ್’ ಬಂತೋ, ಅಳಬೇಕಾದವರು ನಗುತ್ತಾರೆ.

‘ಆಗುತ್ತಾ ಮಾವ?’

‘ಹೂಂ’ ಅಂದೆ. ಕುರ್ಚಿಯಡಿಯಿಂದ.

ಅವಳು ಹೋದಳು. ಸ್ಪ್ರಿಂಗ್ ಬೆರಳಿಗೆ ಸಿಕ್ಕಿ ರಕ್ತ ಬಂತು. ಸರಿಯಾಗೇ ಆಯಿತು ನನಗೆ.

ಮಾರ್ಚ್ 17, ಸೋಮವಾರ

ಐದು ದಿನ ಬರೆದಿಲ್ಲ. ಬರೆಯುವಂಥದ್ದೇನೂ ಮಾಡಿಲ್ಲ.

ಟೀ ಅಂಗಡಿಯಲ್ಲಿ ಎಲ್ಲ ನನ್ನ ಕಡೆ. ನಗೆಗಾರನ ಪೋಸ್ಟರ್ ಅಚ್ಚಿಗೆ ಹೋಗಿದೆಯಂತೆ. ‘ನಿಮ್ಮ ನಾಲಿಗೆಯಲ್ಲಿ ಮಚ್ಚೆ ಇದೆ ಯಜಮಾನ್ರೇ’ ಅಂದ ಗೇಟ್‌ಕೀಪರ್. ಬೇರೆ ದಿನವಾದರೆ ನಾಲಿಗೆ ಚಾಚಿ ತೋರಿಸುತ್ತಿದ್ದೆ.

ಭಾಮೈದ ಮಾತ್ರ ಅಲುಗಲಿಲ್ಲ. ‘ಇನ್ನೂ ನಾಲ್ಕು ದಿನ ಇದೆ ಭಾವ’ ಅಂದ. ಬನ್ನನ್ನು ಟೀಯಲ್ಲಿ ಅದ್ದಿಕೊಂಡು ತಿಂದ. ನನ್ನನ್ನೇ ನೋಡುತ್ತ.

ಮನೆಗೆ ಬಂದು ಮೊಳೆ ಡಬ್ಬಿ ಅಲುಗಿಸಿದೆ. ಗಲಗಲ. ಗೆದ್ದರೆ ಒಂದಕ್ಕೆರಡು. ಹಲ್ಲು ಮೂರಲ್ಲ, ಬೇಕಾದರೆ ಮೂವತ್ತೆರಡನ್ನೂ ಹೊಸದು ಹಾಕಿಸಬಹುದು.

‘ಗುಂಡುಪಿನ್ನು ಫೋನ್ ಮಾಡಿದ್ಲು’ ಅಂದಳು ಇವಳು. ‘ನಾಳೆ ಗರಗಸದವನು ಬರ್ತಾನಂತೆ. ಮಾವ ಸರಿ ಅಂದಿದ್ದಾರೆ, ಇನ್ನು ಭಯ ಇಲ್ಲ ಅಂದ್ಲು.’

ಮಾವ ಸರಿ ಅಂದಿದ್ದಾರೆ.

ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ಒಂದೇ ಒಂದು ಸಲ ನನ್ನನ್ನು ಹೊಗಳಿದ್ದರು. ‘ಇವನು ನೂರು ಸುಳ್ಳು ಹೇಳ್ತಾನೆ, ಆದ್ರೆ ಒಂದರಿಂದಲೂ ಯಾರಿಗೂ ಕೆಡುಕಾಗಿಲ್ಲ’ ಅಂತ. ನಾನು ಕಲಿತದ್ದು ಏಳನೇ ಕ್ಲಾಸಿನ ತನಕ. ನೆನಪಿರುವುದು ಇದೊಂದೇ.

ಮಾರ್ಚ್ 18, ಮಂಗಳವಾರ, ಬೆಳಿಗ್ಗೆ 6

ಚೀಲಕ್ಕೆ ಹಾಕಿಕೊಂಡದ್ದು: ಸಣ್ಣ ಹಲ್ಲಿನ ಗರಗಸ, ಉಳಿ, ಮರದ ಗೂಟ ಎರಡು ಡಜನ್, ಹಳೇ ರೆಕ್ಸಿನ್ ಪಟ್ಟಿ, ಮೇಣ. ಮೊಳೆ ಇಲ್ಲ. ಮೊಳೆಯನ್ನು ನೋಡುವುದೇ ಬೇಡ.

ಅದೇ ದಿನ, ಸಂಜೆ 5

ಗರಗಸದವನನ್ನು ಮಾಳಿಗೆ ಹತ್ತುವ ಮೊದಲೇ ತಡೆದೆ. ‘ಇದು ಕುಟುಂಬದ ಕೆಲಸ, ನೀವು ಹೊರಡಿ’ ಅಂದೆ. ಬಸ್ ಚಾರ್ಜು ಕೊಟ್ಟು ಕಳಿಸಿದೆ.

ಗುಂಡುಪಿನ್ನು ಬೆಪ್ಪಾಗಿ ನಿಂತಳು. ‘ಮಾವಾ, ಆಗುತ್ತೆ ಅಂದಿದ್ರಲ್ಲ?’

‘ಆಗುತ್ತೆ ಅಂದೆ. ಚೆನ್ನಾಗಿ ಆಗುತ್ತೆ ಅಂದೆನಾ? ಹಿಡ್ಕೋ ಈ ತುದಿ.’

ನೆಟ್ಟಗೆ ಅಲ್ಲ, ಓರೆಯಾಗಿ ಕುಯ್ಯಬೇಕು. ಎರಡು ಅಂಗೈ ಒಂದರ ಮೇಲೊಂದು ಕೂತ ಹಾಗೆ. ಮಧ್ಯೆ ರೆಕ್ಸಿನ್ ಪಟ್ಟಿ, ಮರಕ್ಕೆ ಮರ ತಾಗದ ಹಾಗೆ. ಮೊಳೆಯ ಬದಲು ಗೂಟ, ಗೂಟಕ್ಕೆ ಮೇಣ. ಭಾರ ಬಿದ್ದಷ್ಟೂ ಬಿಗಿಯಾಗುತ್ತದೆ, ಬಾಯಿ ಬಿಡುವುದಿಲ್ಲ. ಕುರ್ಚಿ ಸಾಲಿಗೆ ನಾನು ಮಾಡುವುದು ಹೀಗೇ. ಯಾರಿಗೂ ಕಲಿಸಿರಲಿಲ್ಲ. ಇವತ್ತು ಅವಳಿಗೆ ಕಲಿಸಿದೆ. ಎರಡನೇ ಜೋಡಣೆ ಅವಳೇ ಕುಯ್ದಳು. ನನಗಿಂತ ಚೆನ್ನಾಗಿ... ಇರಲಿ, ಹೆಚ್ಚುಕಡಿಮೆ ನನ್ನಷ್ಟೇ.

ಮಧ್ಯದಲ್ಲಿ ಕೇಳಿದಳು, ‘ಮಾವ, ನೀವು ನಗೆಗಾರನ ಮೇಲೆ ಪಂದ್ಯ ಕಟ್ಟಿದ್ದೀರಂತೆ?’

‘ಯಾರು ಹೇಳಿದ್ದು?’

‘ಇಡೀ ರಸ್ತೆ.’

‘ಗರಗಸ ನೋಡು, ನನ್ನ ಮುಖ ನೋಡಬೇಡ. ಬೆರಳು ಹೋಗುತ್ತೆ.’

ನಕ್ಕಳು. ಸದ್ಯ, ಎಷ್ಟು ಅಂತ ಕೇಳಲಿಲ್ಲ.

ಮಾರ್ಚ್ 20, ಗುರುವಾರ

ಮೂರು ತುಂಡು. ಮಗ್ಗುಲಾಗಿ ತಿರುಗಿಸಿ ಒಂದೊಂದಾಗಿ ಬಾಗಿಲು ದಾಟಿಸಿದೆವು. ಹನ್ನೊಂದು ಜನರೂ ಹೆಗಲು ಕೊಟ್ಟರು. ಅಜ್ಜಿಯ ಪಾತ್ರದವಳು ಕೂಡ — ಇಪ್ಪತ್ತಾರು ವರ್ಷದ ಹುಡುಗಿ ಅದು, ಬಣ್ಣ ಹಚ್ಚದಿದ್ದರೆ ಗುರುತೇ ಸಿಗುವುದಿಲ್ಲ.

ರಸ್ತೆಯಲ್ಲಿ ಮೆಟ್ಟಿಲು ಹೊರಟಿತು. ಟೀ ಅಂಗಡಿಯವರೆಲ್ಲ ಲೋಟ ಹಿಡಿದು ಹೊರಗೆ ಬಂದರು. ಮೊದಲನೇ ತುಂಡಿನ ಮುಂದೆ ನಾನು. ‘ದಾರಿ ಬಿಡಿ, ದಾರಿ ಬಿಡಿ’ ಅಂತ.

‘ಏನ್ರೀ ಇದು, ನಿಮ್ಮ ಪಂದ್ಯವನ್ನ ನೀವೇ ಹೊತ್ಕೊಂಡು ಹೋಗ್ತಿದ್ದೀರಾ?’ ಲೈಟಿನವನು ಕೂಗಿದ.

‘ಮೆಟ್ಟಿಲು ಕುಯ್ದದ್ದು ನಾನೇ, ಜೋಡಿಸುವವನೂ ನಾನೇ’ ಅಂದೆ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಬುರುಡೆ! ಬುರುಡೆ!’

ಇಡೀ ಜೀವಮಾನದಲ್ಲಿ ಆ ಅಂಗಡಿಯ ಮುಂದೆ ಒಂದು ನಿಜ ಹೇಳಿದೆ. ಒಬ್ಬನೂ ನಂಬಲಿಲ್ಲ.

ಮಾರ್ಚ್ 21, ಶುಕ್ರವಾರ

ಕಂಬದ ಮ್ಯಾನೇಜರ್ ಬಂದು ಮೆಟ್ಟಿಲು ನೋಡಿದ. ಹತ್ತಿದ. ಇಳಿದ. ಏಳನೇ ಮೆಟ್ಟಿಲ ಮೇಲೆ ಕುಣಿದೂ ನೋಡಿದ. ಆಮೇಲೆ ಕಂಬದ ಹಿಂದಿನ ಕುರ್ಚಿಗಳಲ್ಲಿ ಒಂದೊಂದರಲ್ಲೂ ಕೂತು ಬಗ್ಗಿ ನೋಡಿದ. ಇಪ್ಪತ್ತಾರರಲ್ಲೂ. ‘ಕಾಣುತ್ತೆ’ ಅಂದ. ಸಹಿ ಹಾಕಿದ.

ಕಿಟಕಿಯವನ ಲೆಕ್ಕ ಸರಿ ಇತ್ತು. ಬರೆಯಲು ಕೈ ನೋಯುತ್ತದೆ.

ಮಾರ್ಚ್ 22, ಶನಿವಾರ

ಬಿಸ್ಕೆಟ್ ಡಬ್ಬಿ ಬಿಚ್ಚಿದರು. ಭಾಮೈದ ಬೆರಳಿಗೆ ಉಗುಳು ಹಚ್ಚಿ ಎಣಿಸಿದ. ಎರಡು ಸಲ. ಪಾಪಿ, ಒಂದು ನೋಟನ್ನಾದರೂ ವಾಪಸ್ ಚಾಚಲಿಲ್ಲ. ಒಂದು ಟೀ ಕೊಡಿಸಿದ.

‘ನಿಂಗೆ ಹೇಗೋ ಗೊತ್ತಿತ್ತು, ಮೆಟ್ಟಿಲು ಹೊರಗೆ ಬರುತ್ತೆ ಅಂತ?’

‘ಮೆಟ್ಟಿಲು ನೋಡಿ ಯಾರಾದ್ರೂ ಪಂದ್ಯ ಕಟ್ತಾರಾ ಭಾವ? ನಿನ್ನ ನೋಡಿ ಕಟ್ಟಿದ್ದು.’

‘ಅಂದ್ರೆ?’

‘ನಿನ್ನ ಅಕ್ಕನ ಮಗಳು ಅಳೋ ಮುಖ ಮಾಡಿದ್ರೆ ನೀನು ಎಷ್ಟು ದಿನ ತಡ್ಕೋತೀಯ ಅಂತ ಲೆಕ್ಕ ಹಾಕಿದೆ. ಮೂರು ದಿನ ಅಂದ್ಕೊಂಡಿದ್ದೆ. ಒಂಬತ್ತು ದಿನ ತಗೊಂಡೆ. ನಂಗೂ ಸ್ವಲ್ಪ ಬೆವರಿತ್ತು.’

ಹಲ್ಲಿದ್ದಿದ್ದರೆ ಕಚ್ಚಿಬಿಡುತ್ತಿದ್ದೆ.

ಮನೆಯಲ್ಲಿ ಇವಳು ಕೇಳಿದಳು. ‘ಎಷ್ಟು ಹೋಯ್ತು?’

‘ಇನ್ನೂರು.’

‘ಹೋಗ್ಲಿ ಬಿಡಿ. ಇನ್ನೂರಕ್ಕೆ ಮುಖ ಯಾಕೆ ಹಾಗೆ ಮಾಡ್ಕೋತೀರ.’

ಮಾರ್ಚ್ 29, ಶನಿವಾರ, ಬೆಳಿಗ್ಗೆ

ನಿನ್ನೆ ಕಂಬದಲ್ಲಿ ಮೊದಲ ಆಟ. ಇವಳನ್ನೂ ಕರೆದುಕೊಂಡು ಹೋದೆ. ಬೇಕೆಂದೇ ಕಂಬದ ಹಿಂದಿನ ಕುರ್ಚಿಯಲ್ಲಿ ಕೂತೆ. ಕಂಡಿತು.

ಕೊನೆಯ ಸೀನು ಬಂತು. ಅಜ್ಜಿ ಇಳಿಯಲು ಶುರು ಮಾಡಿದಳು. ಹದಿನೈದು. ಹದಿಮೂರು. ಅಲ್ಲಿ ಮೊದಲ ಜೋಡಣೆ. ನನ್ನ ಬೆರಳು ಇವಳ ಕೈಯನ್ನು ಹಿಸುಕುತ್ತಿತ್ತು, ‘ರೀ, ಮೂಳೆ ಮುರೀತೀರ’ ಅಂದಳು. ಹನ್ನೊಂದು. ಒಂಬತ್ತು. ಏಳು. ಎರಡನೇ ಜೋಡಣೆ, ಗುಂಡುಪಿನ್ನು ಕುಯ್ದದ್ದು.

ಸದ್ದಿಲ್ಲ.

ಮೂರು ನಿಮಿಷ ಅಲ್ಲಿ ನಿಂತಳು. ಆಮೇಲೆ ವಾಪಸ್ ಹತ್ತಿದಳು. ಮುಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡದ್ದು ಕೇಳಿಸಿತು. ಅಷ್ಟು ನಿಶ್ಶಬ್ದ. ನನ್ನ ಕುರ್ಚಿಗಳೂ ಬಾಯಿ ಬಿಡಲಿಲ್ಲ, ಅದನ್ನೂ ಬರೆದಿಡಬೇಕು.

ಚಪ್ಪಾಳೆಗೆ ಎಲ್ಲರಿಗಿಂತ ಮೊದಲು ಎದ್ದವನು ನಾನು. ಬಾಯಿ ಮುಚ್ಚಿಕೊಳ್ಳುವುದು ಮರೆತೇಹೋಯಿತು. ಮೂರು ಹಲ್ಲಿನ ಜಾಗ ತೆರೆದು, ಕಂಬದ ಹಿಂದಿನಿಂದ, ಇಡೀ ಥಿಯೇಟರಿಗೆ ಕಾಣುವ ಹಾಗೆ ನಕ್ಕೆ. ಗುಂಡುಪಿನ್ನು ಪರದೆಯ ಸಂದಿಯಿಂದ ಕೈ ಬೀಸಿದಳು.

ಕರಪತ್ರದ ಕೊನೆಯ ಸಾಲು: ಮೆಟ್ಟಿಲು — ಮಾವ. ಅಚ್ಚಾಗಿದೆ. ಟೀ ಅಂಗಡಿಗೆ ಒಂದು ಪ್ರತಿ ಕೊಟ್ಟು ಬಂದೆ. ‘ಇದನ್ನೂ ನೀವೇ ಅಚ್ಚು ಹಾಕಿಸಿದ್ದು’ ಅಂದರು.

ಇವತ್ತು ಬೆಳಿಗ್ಗೆ ಇವಳು ಮನೆ ಗುಡಿಸುತ್ತ ಮೊಳೆ ಡಬ್ಬಿ ಎತ್ತಿದಳು. ಅಲುಗಿಸಿದಳು. ಇನ್ನೊಂದು ಸಲ ಅಲುಗಿಸಿದಳು.

‘ರೀ, ಈ ಡಬ್ಬಿ ಮೊದಲು ಇಷ್ಟು ಗಲಗಲ ಅಂತಿರ್ಲಿಲ್ಲ. ಇನ್ನೂರು ತೆಗೆದ್ರೆ ಇಷ್ಟು ಸದ್ದು ಬರುತ್ತಾ?’

ಹಲ್ಲುಜ್ಜಲು ಹೋದೆ. ಉಜ್ಜುವುದಕ್ಕೆ ಬಹಳ ಹೊತ್ತು ಬೇಕಿಲ್ಲ, ಆದರೂ ಬಹಳ ಹೊತ್ತು ಉಜ್ಜಿದೆ.

ಇನ್ನೊಂದೂವರೆ ವರ್ಷ ಕೂಡಿಸಿದರಾಯಿತು. ಹಲ್ಲು ಎಲ್ಲಿಗೂ ಓಡಿಹೋಗುವುದಿಲ್ಲ, ಈಗಾಗಲೇ ಓಡಿಹೋಗಿದೆ.

ಇವಳು ಅಡುಗೆಮನೆಯಿಂದ ಬರುವಷ್ಟರಲ್ಲಿ ಇಲ್ಲಾದರೂ ನಿಜ ಬರೆದುಬಿಡುತ್ತೇನೆ. ಇನ್ನೂರಲ್ಲ. ನಾಲ್ಕು ಸಾವಿರದ ಆರುನೂರ ಐವತ್ತು. ಡಬ್ಬಿಯಲ್ಲಿ ಇದ್ದದ್ದು ನಾಲ್ಕು ಸಾವಿರವೇ. ಮೇಲಿನ ಆರುನೂರ ಐವತ್ತು ಇವಳ ಪರ್ಸಿನ ಒಳಗಿನ ಜಿಪ್ಪಿ—